ಬಿಡೋಣ ಅಂದರು ಸರಿ, ಬಿಟ್ಟು ಹೋಗೋದು ಎಲ್ಲಿಗೆ?

2016ರ ಜೂನ್ 23. ಬ್ರೆಕ್ಸಿಟ್, ಅಂದರೆ ಬ್ರಿಟನ್ ಐರೋಪ್ಯ ಒಕ್ಕೂಟ ಬಿಡುವುದರ ಬಗ್ಗೆ ಓಟು ನಡೆದ ದಿನ. ಲಂಡನ್‌ನಲ್ಲಿ ಬಾಡಿಗೆ ಮನೆ ಮಾಡಿಕೊಂಡಿದ್ದ ಬೆಂಗಳೂರಿನ ಎಂಜಿನಿಯರಿಗೆ ಆ ದಿನ ಓಟು ಹಾಕುವ ಹಕ್ಕಿತ್ತು. ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟೇ ಆದರೂ ಪರವಾಗಿಲ್ಲ. ಕಾಮನ್‌ವೆಲ್ತ್ ದೇಶದವರು, ಅಲ್ಲೇ ನೆಲೆಸಿದ್ದಾರೆ, ಮತದಾರರ ಪಟ್ಟಿಯಲ್ಲಿ ಹೆಸರಿದೆ, ಅಷ್ಟಿದ್ದರೆ ಸಾಕಿತ್ತು. ಅದೇ ಬೀದಿಯಲ್ಲಿ ಮೂವತ್ತು ವರ್ಷದಿಂದ ತೆರಿಗೆ ಕಟ್ಟಿಕೊಂಡು ಬಂದಿದ್ದ ಜರ್ಮನ್ ಪ್ರಜೆಗೆ ಆ ಹಕ್ಕಿರಲಿಲ್ಲ. ಬ್ರಿಟನ್ ಐರೋಪ್ಯ ಒಕ್ಕೂಟದಲ್ಲಿ ಇರಬೇಕಾ, ಬಿಡಬೇಕಾ ಅಂತ ಹೇಳುವವರ ಸಾಲಿನಲ್ಲಿ ನಮ್ಮವರಿದ್ದರು. ಐರ್ಲೆಂಡ್, ಮಾಲ್ಟಾ, ಸೈಪ್ರಸ್‌ನವರನ್ನು ಬಿಟ್ಟರೆ ಒಕ್ಕೂಟದ ಉಳಿದ ದೇಶಗಳ ಪ್ರಜೆಗಳು ಇರಲಿಲ್ಲ. ಯಾರನ್ನು ಕೇಳಬೇಕು ಅನ್ನುವುದರಲ್ಲೇ ಜಗಳದ ಬೀಜ ಬಿದ್ದಿತ್ತು ಅನ್ನಬಹುದು.

ಬಂದ ಫಲಿತಾಂಶ ಹೀಗಿತ್ತು: ಬಿಡೋಣ ಅಂದವರು ಶೇ 51.9, ಇರೋಣ ಅಂದವರು ಶೇ 48.1. ಓಟು ಹಾಕಿದವರು ಸುಮಾರು 3.35 ಕೋಟಿ, ಅಂತರ ಹೆಚ್ಚುಕಮ್ಮಿ 12.7 ಲಕ್ಷ. ಮಾಮೂಲಿ ಚುನಾವಣೆಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಸೋತವರು ಮುಖ ಸಿಂಡರಿಸಿಕೊಂಡು ಐದು ವರ್ಷ ಕಾಯುತ್ತಾರೆ, ಅಷ್ಟೇ ಅಲ್ವಾ? ಇಲ್ಲಿ ಆಗಿದ್ದು ಉಲ್ಟಾ. ಓಟಿಗೆ ಮುಂಚೆ ಇದ್ದ ಜಗಳಕ್ಕಿಂತ ಆಮೇಲಿನದೇ ಜೋರಾಯಿತು. ಇಬ್ಬರು ಪ್ರಧಾನಿಗಳ ಕುರ್ಚಿ ಹೋಯಿತು. ಮೂರೂವರೆ ವರ್ಷದಲ್ಲಿ ಎರಡು ಸಾರ್ವತ್ರಿಕ ಚುನಾವಣೆ ಆದವು. ಎರಡು ಸಲ ಸುಪ್ರೀಂ ಕೋರ್ಟು ಸರ್ಕಾರದ ಕೈ ಹಿಡಿದು ನಿಲ್ಲಿಸಿತು.

ಯಾಕೆ ಹೀಗಾಯಿತು? ಬ್ರಿಟಿಷರು ಒಡೆದುಹೋದರು, ಸುಳ್ಳು ಪ್ರಚಾರ ಗೆದ್ದಿತು, ಇಂಥ ಉತ್ತರಗಳು ಬೇಕಾದಷ್ಟಿವೆ. ಅವೆಲ್ಲದರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ನನಗೆ ಕಾಣುವ ದೊಡ್ಡ ಕಾರಣ ಮತಚೀಟಿಯಲ್ಲೇ ಇದೆ. ಅದರಲ್ಲಿದ್ದದ್ದು ಎರಡೇ ಆಯ್ಕೆ. ಒಕ್ಕೂಟದ ಸದಸ್ಯರಾಗಿ ಉಳಿಯುವುದು, ಇಲ್ಲವೇ ಬಿಡುವುದು. ಉಳಿಯುವುದು ಅಂದರೆ ಏನು ಅಂತ ಎಲ್ಲರಿಗೂ ಗೊತ್ತಿತ್ತು, ನಿನ್ನೆ ಇದ್ದ ಹಾಗೇ ನಾಳೆಯೂ ಇರುವುದು. ಬಿಡುವುದು ಅಂದರೆ ಏನು? ಅದಕ್ಕೆ ಒಂದಲ್ಲ, ಹತ್ತು ಅರ್ಥ.

ಕೂಡು ಕುಟುಂಬದಲ್ಲಿ ಪಾಲಿನ ಮಾತು ಬಂದಾಗ ಏನಾಗುತ್ತದೆ ನೋಡಿ. ‘ಪಾಲು ಬೇಕಾ?’ ಅಂತ ಕೇಳಿದರೆ ಅರ್ಧಕ್ಕಿಂತ ಜಾಸ್ತಿ ಜನ ಹೂಂ ಅಂದುಬಿಡಬಹುದು. ಒಬ್ಬನ ತಲೆಯಲ್ಲಿ ರಸ್ತೆ ಪಕ್ಕದ ಹೊಲ, ಇನ್ನೊಬ್ಬನ ತಲೆಯಲ್ಲಿ ತೋಟ, ಮತ್ತೊಬ್ಬಳಿಗೆ ಬೇರೆ ಒಲೆ ಹೂಡಿದರೆ ಸಾಕು. ಬಾವಿ ಯಾರಿಗೆ, ಬದು ಎಲ್ಲಿ, ಸಾಲ ಯಾರು ತೀರಿಸಬೇಕು ಅನ್ನುವ ಮಾತು ಎದ್ದಾಗಲೇ ಪಂಚಾಯಿತಿ ಶುರು. ಬ್ರಿಟನ್ ಮಾಡಿದ್ದು ಇದನ್ನೇ. ಮೊದಲು ಹೂಂ ಅನ್ನಿಸಿಕೊಂಡಿತು. ಪಾಲುಪಟ್ಟಿ ಬರೆಯಲು ಕೂತಿದ್ದು ಆಮೇಲೆ.

ಒಕ್ಕೂಟದಲ್ಲಿ ಇದ್ದದ್ದೇನು?

ಬ್ರಿಟನ್ ಈ ಕೂಟಕ್ಕೆ ಸೇರಿದ್ದು 1973ರಲ್ಲಿ. ಎರಡೇ ವರ್ಷಕ್ಕೆ, 1975ರಲ್ಲಿ, ‘ಇರೋಣವಾ?’ ಅಂತ ಒಂದು ಜನಮತಗಣನೆ ಆಯಿತು. ಆಗ ಶೇ 67 ಮಂದಿ ಇರೋಣ ಅಂದಿದ್ದರು. ಆಗ ಅದರ ಹೆಸರು ಐರೋಪ್ಯ ಆರ್ಥಿಕ ಸಮುದಾಯ. ವ್ಯಾಪಾರದ ಕೂಟ ಅಂತಲೇ ಜನ ತಿಳಿದಿದ್ದರು. ಆಮೇಲೆ ಅದು ಬೆಳೆಯಿತು. ಕಾನೂನು, ಕೋರ್ಟು, ಪಾರ್ಲಿಮೆಂಟು ಎಲ್ಲ ಬಂದವು. ಹಲವು ದೇಶಗಳಿಗೆ ಒಂದೇ ನಾಣ್ಯವೂ ಬಂತು. ಬ್ರಿಟನ್ ಮಾತ್ರ ಪೌಂಡನ್ನು ಬಿಡಲಿಲ್ಲ.

ಜಗಳ ಅರ್ಥವಾಗಬೇಕಾದರೆ ಎರಡು ಪದ ಗೊತ್ತಿರಬೇಕು. ಒಂದು ಕಸ್ಟಮ್ಸ್ ಯೂನಿಯನ್. ಸದಸ್ಯ ದೇಶಗಳ ನಡುವೆ ಸುಂಕವಿಲ್ಲ, ಹೊರಗಿನಿಂದ ಬರುವ ಮಾಲಿಗೆ ಎಲ್ಲರದೂ ಒಂದೇ ಸುಂಕ. ಹಾಗಾಗಿ ಯಾವ ಸದಸ್ಯ ದೇಶವೂ ಭಾರತದ ಜೊತೆ ತಾನೇ ಪ್ರತ್ಯೇಕ ವ್ಯಾಪಾರ ಒಪ್ಪಂದ ಮಾಡಿಕೊಳ್ಳುವ ಹಾಗಿಲ್ಲ. ಇನ್ನೊಂದು ಸಿಂಗಲ್ ಮಾರ್ಕೆಟ್. ಸುಂಕ ಇಲ್ಲದಿದ್ದರೆ ಸಾಲದು, ನಿಯಮವೂ ಒಂದೇ ಇರಬೇಕು. ಜಿಎಸ್‌ಟಿ ಬರುವ ಮುಂಚೆ ನಮ್ಮಲ್ಲಿ ರಾಜ್ಯಗಳ ಗಡಿಯಲ್ಲಿ ಲಾರಿಗಳು ಕಾಗದಪತ್ರ ಹಿಡಿದು ಸಾಲುಗಟ್ಟಿ ನಿಲ್ಲುತ್ತಿದ್ದದ್ದು ನೆನಪಿದೆಯಲ್ಲ? ಆ ಸಾಲೇ ಇಲ್ಲದಂತೆ ಮಾಡುವುದು ಇದರ ಕೆಲಸ. ಆದರೆ ಇದಕ್ಕೊಂದು ಷರತ್ತಿದೆ. ಸರಕು, ಸೇವೆ, ಬಂಡವಾಳ ಓಡಾಡುವ ಹಾಗೆ ಜನರೂ ಓಡಾಡಬೇಕು. ಪೋಲೆಂಡಿನವರು ಲಂಡನ್‌ಗೆ ಬಂದು ಕೆಲಸ ಹಿಡಿಯಲು ವೀಸಾ ಬೇಕಿಲ್ಲ.

ಉರಿ ಹತ್ತಿದ್ದು ಈ ಕೊನೆಯ ಷರತ್ತಿಗೆ. 2004ರಲ್ಲಿ ಪೂರ್ವ ಯುರೋಪಿನ ಎಂಟು ದೇಶಗಳೂ ಸೇರಿ ಹತ್ತು ಹೊಸ ಸದಸ್ಯರು ಬಂದರು. ಹಳೆಯ ಸದಸ್ಯರಲ್ಲಿ ಹೆಚ್ಚಿನವರು ಆ ಎಂಟು ದೇಶಗಳ ಕೆಲಸಗಾರರಿಗೆ ಕೆಲವು ವರ್ಷ ಬಾಗಿಲು ಅರ್ಧ ಮುಚ್ಚಿದರು. ಬ್ರಿಟನ್, ಐರ್ಲೆಂಡ್, ಸ್ವೀಡನ್ ಪೂರ್ತಿ ತೆರೆದವು. ಬ್ರಿಟನ್‌ಗೆ ವರ್ಷಕ್ಕೆ 5,000ದಿಂದ 13,000 ಜನ ಬರಬಹುದು ಅಂತ ಸರ್ಕಾರಕ್ಕಾಗಿ ಮಾಡಿದ ಅಂದಾಜು ಹೇಳಿತ್ತು. ಜರ್ಮನಿಯೂ ಬಾಗಿಲು ತೆರೆಯುತ್ತದೆ ಅಂತ ನಂಬಿ ಮಾಡಿದ ಲೆಕ್ಕ ಅದು. ಬಂದದ್ದು ಲಕ್ಷಗಳಲ್ಲಿ.

ಇಂಗ್ಲೆಂಡಿನ ಲಿಂಕನ್‌ಶೈರ್‌ನ ಬಾಸ್ಟನ್ ಅನ್ನುವ ಊರನ್ನೇ ನೋಡಿ. ಸುತ್ತ ತರಕಾರಿ ಹೊಲಗಳು. ಕೋಸು ಕೊಯ್ಯಲು, ಪ್ಯಾಕ್ ಮಾಡಲು ಕೆಲಸಗಾರರು ಬೇಕು. ಹತ್ತು ವರ್ಷದೊಳಗೆ ಬೀದಿಯಲ್ಲಿ ಪೋಲಿಷ್, ಲಿಥುವೇನಿಯನ್ ಅಂಗಡಿಗಳು ಸಾಲಾಗಿ ಬಂದವು. ಬಾಡಿಗೆ ಏರಿತು, ಆಸ್ಪತ್ರೆ, ಶಾಲೆಗಳ ಮೇಲೆ ಹೊರೆ ಬಿತ್ತು ಅಂತ ಹಳಬರು ಹೇಳಿದರು. ಜನ ಹೆಚ್ಚಿದಷ್ಟು ದುಡ್ಡನ್ನು ಸರ್ಕಾರ ಕಳಿಸಿರಲಿಲ್ಲ ಅನ್ನುವುದು ಅವರ ದೂರು. 2016ರಲ್ಲಿ ಬಾಸ್ಟನ್‌ನ ಶೇ 75.6 ಮಂದಿ ಬಿಡೋಣ ಅಂದರು. ಇಡೀ ದೇಶದಲ್ಲೇ ಅದು ಅತಿ ಹೆಚ್ಚು.

ಲಂಡನ್‌ನ ಲ್ಯಾಂಬೆತ್‌ನಲ್ಲಿ ಇದರ ಸರೀ ಎದುರು ಗಾಳಿ. ಅಲ್ಲಿ ಶೇ 78.6 ಮಂದಿ ಇರೋಣ ಅಂದರು. ಲ್ಯಾಂಬೆತ್ ಅಂದಾಗ ಕನ್ನಡಿಗರಿಗೆ ತಕ್ಷಣ ಹೊಳೆಯಬೇಕು. ಥೇಮ್ಸ್ ದಡದಲ್ಲಿ ಬಸವಣ್ಣನವರ ಪ್ರತಿಮೆ ಇರುವುದು ಅಲ್ಲೇ. ಅದರ ಅನಾವರಣ ಆದದ್ದು ಈ ಓಟಿಗೆ ಏಳೆಂಟು ತಿಂಗಳ ಮುಂಚೆ, 2015ರ ನವೆಂಬರ್‌ನಲ್ಲಿ. ಅನುಭವ ಮಂಟಪದ ಹಿರಿಯರು ಒಂದು ದಡದಲ್ಲಿ. ನದಿಯಾಚೆ ಸ್ವಲ್ಪ ದೂರದಲ್ಲೇ ಪಾರ್ಲಿಮೆಂಟು. ಅಲ್ಲಿ ನಡೆದ ಅನುಭವಗಳ ಕಥೆಗೆ ಆಮೇಲೆ ಬರೋಣ.

ಊರಿಗೊಂದು ಮನಸ್ಸಿತ್ತು, ವಯಸ್ಸಿಗೂ ಒಂದೊಂದು ಮನಸ್ಸಿತ್ತು. 25ರೊಳಗಿನವರಲ್ಲಿ ಹತ್ತಕ್ಕೆ ಏಳು ಮಂದಿ ಇರೋಣ ಅಂದರೆ, 65 ದಾಟಿದವರಲ್ಲಿ ಹತ್ತಕ್ಕೆ ಆರು ಮಂದಿ ಬಿಡೋಣ ಅಂದರು ಅಂತ ಸಮೀಕ್ಷೆಗಳು ತೋರಿಸಿದವು. ಇಂಗ್ಲೆಂಡ್, ವೇಲ್ಸ್ ಬಿಡುವ ಕಡೆಗೆ. ಸ್ಕಾಟ್ಲೆಂಡ್ ಶೇ 62, ಉತ್ತರ ಐರ್ಲೆಂಡ್ ಶೇ 55.8 ಇರುವ ಕಡೆಗೆ. ಮನೆಯೊಳಗೆ ಅಪ್ಪ ಒಂದು ಕಡೆ ಮಗಳು ಒಂದು ಕಡೆ, ನಕ್ಷೆಯಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋ ಒಂದು ಕಡೆ ಇಂಗ್ಲೆಂಡಿನ ಸಂಡರ್‌ಲ್ಯಾಂಡ್ ಒಂದು ಕಡೆ. ಸಂಡರ್‌ಲ್ಯಾಂಡ್‌ನಲ್ಲಿ ನಿಸ್ಸಾನ್ ಕಾರು ಕಾರ್ಖಾನೆ ಇದೆ, ಅಲ್ಲಿಂದ ಕಾರುಗಳು ಹೋಗುವುದು ಮುಖ್ಯವಾಗಿ ಯುರೋಪಿಗೆ. ಆದರೂ ಶೇ 61 ಮಂದಿ ಬಿಡೋಣ ಅಂದರು. ‘ತಮ್ಮ ಕಾಲ ಮೇಲೆ ತಾವೇ ಕಲ್ಲು ಹಾಕಿಕೊಂಡರು’ ಅಂತ ಲಂಡನ್‌ನವರು ನಕ್ಕರು. ನನಗೆ ಆ ನಗು ಆಗಲೂ ಹಿಡಿಸಲಿಲ್ಲ. ಹಡಗುಕಟ್ಟೆ ಮುಚ್ಚಿದ, ಕಲ್ಲಿದ್ದಲು ಗಣಿ ಮುಚ್ಚಿದ ಊರಿಗೆ ‘ಆರ್ಥಿಕತೆ ಹಾಳಾಗುತ್ತೆ’ ಅಂತ ಹೆದರಿಸಿದರೆ, ಯಾರ ಆರ್ಥಿಕತೆ ಅಂತ ಅವರು ಕೇಳುವುದಿಲ್ಲವೇ?

ಬಸ್ಸಿನ ಮೇಲಿನ ಲೆಕ್ಕ

ಪ್ರಚಾರದ ಕಥೆಯಲ್ಲಿ ಒಂದು ಕೆಂಪು ಬಸ್ಸು ಬಂದೇ ಬರುತ್ತದೆ. ‘ವಾರಕ್ಕೆ 35 ಕೋಟಿ ಪೌಂಡ್ ಒಕ್ಕೂಟಕ್ಕೆ ಕಳಿಸುತ್ತೇವೆ, ಅದರ ಬದಲು ನಮ್ಮ ಸರ್ಕಾರಿ ಆಸ್ಪತ್ರೆಗಳಿಗೆ ಕೊಡೋಣ’ ಅಂತ ಅದರ ಮೇಲೆ ಬರೆದಿತ್ತು. ಲೆಕ್ಕ ಸರಿಯಿರಲಿಲ್ಲ. ಹಿಂದೆ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಕಾಲದಲ್ಲಿ ಗಿಟ್ಟಿಸಿದ ರಿಯಾಯಿತಿಯನ್ನು ಮೊದಲೇ ಕಳೆದುಕೊಂಡು ಉಳಿದದ್ದನ್ನಷ್ಟೇ ಬ್ರಿಟನ್ ಕಳಿಸುತ್ತಿತ್ತು. ಅದರಲ್ಲೂ ಒಂದು ಭಾಗ ರೈತರ ಸಹಾಯಧನ, ಹಿಂದುಳಿದ ಪ್ರದೇಶಗಳ ಅನುದಾನ ಅಂತ ವಾಪಸ್ ಬರುತ್ತಿತ್ತು. ಆ ದೇಶದ ಅಂಕಿಅಂಶ ಪ್ರಾಧಿಕಾರವೇ ಇದು ದಾರಿ ತಪ್ಪಿಸುವ ಸಂಖ್ಯೆ ಅಂದಿತು. ತಮಾಷೆ ಏನೆಂದರೆ, ‘35 ಅಲ್ಲ, ಅದಕ್ಕಿಂತ ಕಮ್ಮಿ’ ಅಂತ ಎದುರು ಕಡೆಯವರು ಕೂಗಿದಷ್ಟೂ ‘ಏನೋ ದೊಡ್ಡ ಮೊತ್ತ ಹೋಗ್ತಾ ಇದೆ’ ಅನ್ನುವುದು ಜನರ ಕಿವಿಗೆ ಬೀಳುತ್ತಲೇ ಇತ್ತು.

ಇರೋಣ ಅಂದವರೂ ಸಾಚಾಗಳೇನಲ್ಲ. ಬಿಟ್ಟರೆ ಪ್ರತಿ ಮನೆಗೂ ವರ್ಷಕ್ಕೆ 4,300 ಪೌಂಡ್ ನಷ್ಟ ಅಂತ ಹಣಕಾಸು ಇಲಾಖೆ ಹೇಳಿತು. ಓಟು ಬಿಡುವ ಕಡೆಗೆ ಬಿದ್ದರೆ ತೆರಿಗೆ ಏರಿಸುವ ತುರ್ತು ಬಜೆಟ್ ತರಬೇಕಾಗುತ್ತೆ ಅಂತ ಹಣಕಾಸು ಮಂತ್ರಿ ಜಾರ್ಜ್ ಆಸ್ಬೋರ್ನ್ ಹೆದರಿಸಿದರು. ಓಟು ಬಿಡುವ ಕಡೆಗೇ ಬಿತ್ತು, ಬಜೆಟ್ ಬರಲಿಲ್ಲ. ಅಲ್ಲಿಂದ ಮುಂದೆ ಯಾವ ತಜ್ಞರು ಏನು ಹೇಳಿದರೂ ‘ಮತ್ತೆ ಗುಮ್ಮ ತೋರಿಸ್ತಿದ್ದಾರೆ’ ಅನ್ನುವುದು ಸುಲಭವಾಯಿತು. ಓಟಿಗೆ ಒಂದು ವಾರ ಮುಂಚೆ ಲೇಬರ್ ಪಕ್ಷದ ಸಂಸದೆ ಜೋ ಕಾಕ್ಸ್ ಅವರನ್ನು ಅವರದೇ ಕ್ಷೇತ್ರದಲ್ಲಿ ಒಬ್ಬ ತೀವ್ರ ಬಲಪಂಥೀಯ ಕೊಂದುಹಾಕಿದ. ಎರಡೂ ಕಡೆಯವರು ಎರಡು ಮೂರು ದಿನ ಪ್ರಚಾರ ನಿಲ್ಲಿಸಿದರು, ಆಮೇಲೆ ಮತ್ತೆ ಶುರು ಮಾಡಿದರು.

52 ಅಂದರೆ ಎಷ್ಟು?

ಓಟಿಗೆ ಒಂದು ತಿಂಗಳ ಮುಂಚೆ, ಬಿಡೋಣ ಅನ್ನುವವರ ನಾಯಕರಲ್ಲಿ ಒಬ್ಬರಾದ ನೈಜೆಲ್ ಫರಾಜ್ ಒಂದು ಮಾತು ಹೇಳಿದ್ದರು. 52-48ರಲ್ಲಿ ತಾವು ಸೋತರೆ ವಿಷಯ ಅಲ್ಲಿಗೆ ಮುಗಿಯುವುದಿಲ್ಲ ಅಂತ. ಬಂದದ್ದು ಸರಿಯಾಗಿ 52-48. ಆದರೆ ಗೆದ್ದವರು ಅವರೇ! ಆಮೇಲೆ ಅವರಿಗೆ ಅದೇ ಅಂತರ ಜನರ ಅಂತಿಮ ತೀರ್ಪಾಗಿ ಕಂಡಿತು.

ಇನ್ನೊಂದು ಕಥೆ ಇದಕ್ಕಿಂತ ಮಜವಾಗಿದೆ. ಗೆದ್ದ ಕಡೆಗೆ ಶೇ 60 ಬರದಿದ್ದರೆ, ಮತದಾನವೂ ಶೇ 75 ದಾಟದಿದ್ದರೆ ಇನ್ನೊಂದು ಜನಮತಗಣನೆ ಮಾಡಬೇಕು ಅಂತ ಪಾರ್ಲಿಮೆಂಟಿನ ಜಾಲತಾಣದಲ್ಲಿ ಒಂದು ಮನವಿ ಇತ್ತು. ಫಲಿತಾಂಶ ಬಂದ ಮೇಲೆ ನಲವತ್ತು ಲಕ್ಷಕ್ಕೂ ಹೆಚ್ಚು ಜನ ಅದಕ್ಕೆ ಸಹಿ ಹಾಕಿದರು. ಅದನ್ನು ಓಟಿಗೆ ಮುಂಚೆಯೇ ಶುರು ಮಾಡಿದ್ದು, ತಮ್ಮ ಕಡೆ ಸೋಲುತ್ತೆ ಅಂತ ಹೆದರಿದ್ದ, ಬಿಡೋಣ ಅನ್ನುವ ಕಡೆಯ ಒಬ್ಬರು! ಹಾಗಾಗಿ ನಿಯಮದ ವಿಷಯದಲ್ಲಿ ಯಾರು ತತ್ವವಾದಿ, ಯಾರು ಅವಕಾಶವಾದಿ ಅಂತ ಹುಡುಕುವುದು ಸುಮ್ನೆ ಹೊತ್ತು ಕಳೆಯುವ ಕೆಲಸ.

ಎರಡೂ ಕಡೆ ಗಟ್ಟಿ ವಾದಗಳೇ ಇದ್ದವು. ಕಾನೂನಿನ ಪ್ರಕಾರ ಆ ಓಟು ಬರೀ ಸಲಹೆ, ಪಾರ್ಲಿಮೆಂಟು ಕೇಳಲೇಬೇಕು ಅಂತೇನಿರಲಿಲ್ಲ. ಆದರೆ ಸರ್ಕಾರ ಮನೆಮನೆಗೆ ಹಂಚಿದ ಕರಪತ್ರದಲ್ಲಿ ‘ನೀವು ಏನು ತೀರ್ಮಾನ ಮಾಡುತ್ತೀರೋ ಅದನ್ನೇ ಜಾರಿ ಮಾಡುತ್ತೇವೆ’ ಅಂತ ಮಾತು ಕೊಟ್ಟಿತ್ತು. ಪಟ್ಟಿಯಲ್ಲಿದ್ದ ಒಟ್ಟು ಮತದಾರರಲ್ಲಿ ಬಿಡೋಣ ಅಂದವರು ಶೇ 37ರಷ್ಟೇ, ಇಷ್ಟು ದೊಡ್ಡ ಬದಲಾವಣೆಗೆ ಅದು ಸಾಕಾ? ಬ್ರಿಟನ್ ಇದನ್ನು ಹಿಂದೆ ಒಮ್ಮೆ ಯೋಚಿಸಿತ್ತು. 1979ರಲ್ಲಿ ಸ್ಕಾಟ್ಲೆಂಡಿಗೆ ಸ್ವಂತ ಶಾಸನಸಭೆ ಬೇಕಾ ಅಂತ ಕೇಳಿದಾಗ, ಒಟ್ಟು ಮತದಾರರ ಶೇ 40ರಷ್ಟು ಜನ ಹೂಂ ಅನ್ನಲೇಬೇಕು ಅಂತ ನಿಯಮವಿತ್ತು. ಓಟು ಹಾಕಿದವರಲ್ಲಿ ಶೇ 51.6 ಮಂದಿ ಹೂಂ ಅಂದರು. ಆದರೆ ಅದು ಒಟ್ಟು ಮತದಾರರ ಶೇ 33ರಷ್ಟೇ ಆಯಿತು. ಯೋಜನೆ ಬಿದ್ದುಹೋಯಿತು. 2016ರಲ್ಲಿ ಅಂಥ ಗೆರೆ ಎಳೆಯಲಿಲ್ಲ. ಪ್ರಧಾನಿ ಡೇವಿಡ್ ಕ್ಯಾಮರೂನ್ ತಮ್ಮದೇ ಕನ್ಸರ್ವೇಟಿವ್ ಪಕ್ಷದೊಳಗಿನ ಒಡಕು ಮುಚ್ಚಲು ಈ ಓಟಿನ ಮಾತು ಕೊಟ್ಟಿದ್ದರು, ಗೆಲ್ಲುತ್ತೇವೆ ಅಂತ ನಂಬಿದ್ದರು. ಓಟಿಗೆ ಮುಂಚೆ ಗೆರೆ ಎಳೆದಿದ್ದರೆ ಅದು ಆಟದ ನಿಯಮ. ಆಮೇಲೆ ಎಳೆಯಲು ಹೋದರೆ ಮೋಸ ಅನಿಸುತ್ತದೆ. ಅನಿಸಿದ್ದೂ ಹಾಗೇ.

ಕ್ಯಾಮರೂನ್ ರಾಜೀನಾಮೆ ಕೊಟ್ಟರು, ತೆರೇಸಾ ಮೇ ಬಂದರು. ‘ಬ್ರೆಕ್ಸಿಟ್ ಅಂದರೆ ಬ್ರೆಕ್ಸಿಟ್’ ಅಂದರು. ಕೇಳಿದವರಿಗೆ ಏನೂ ಅರ್ಥವಾಗಲಿಲ್ಲ, ಅದೇ ಆ ಮಾತಿನ ಅನುಕೂಲ. ಬಿಡುವ ನೋಟಿಸನ್ನು ಪಾರ್ಲಿಮೆಂಟಿನ ಒಪ್ಪಿಗೆ ಇಲ್ಲದೆ ಸರ್ಕಾರವೇ ಕೊಡಬಹುದಾ ಅಂತ ಉದ್ಯಮಿ ಜೀನಾ ಮಿಲ್ಲರ್ ಕೋರ್ಟಿಗೆ ಹೋದರು. ಆಗದು ಅಂತ ಹೈಕೋರ್ಟಿನ ಮೂವರು ನ್ಯಾಯಾಧೀಶರು ಹೇಳಿದ ಮರುದಿನ ಡೈಲಿ ಮೇಲ್ ಪತ್ರಿಕೆ ಆ ನ್ಯಾಯಾಧೀಶರ ಫೋಟೊ ಹಾಕಿ ‘ಜನರ ಶತ್ರುಗಳು’ ಅಂತ ದೊಡ್ಡಕ್ಷರದಲ್ಲಿ ಅಚ್ಚು ಹಾಕಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು 8-3ರಲ್ಲಿ ಅದೇ ತೀರ್ಪನ್ನು ಎತ್ತಿಹಿಡಿಯಿತು. ಜನ ನೇರವಾಗಿ ಹೇಳಿದ್ದು ದೊಡ್ಡದಾ, ಜನ ಆರಿಸಿ ಕಳಿಸಿದ ಸಭೆ ದೊಡ್ಡದಾ ಅನ್ನುವ ಪ್ರಶ್ನೆಗೆ ಅಲ್ಲಿ ಬರೆದಿಟ್ಟ ಒಂದು ಸಂವಿಧಾನ ಗ್ರಂಥವೂ ಇಲ್ಲ, ತೆರೆದು ನೋಡಲು.

ಎಲ್ಲದಕ್ಕೂ ಇಲ್ಲ

2019ರ ಮೊದಲ ತಿಂಗಳುಗಳಲ್ಲಿ ನಾನು ನಿದ್ದೆಗೆಟ್ಟು ಬ್ರಿಟನ್ ಪಾರ್ಲಿಮೆಂಟಿನ ಕಲಾಪ ನೋಡುತ್ತಿದ್ದೆ. ಅಲ್ಲಿ ಸಂಜೆ ಓಟಾದರೆ ನಮಗೆ ನಡುರಾತ್ರಿ ದಾಟಿರುತ್ತಿತ್ತು. ಸ್ಪೀಕರ್ ಜಾನ್ ಬರ್ಕೋ ‘ಆರ್ಡರ್’ ಅಂತ ಎಳೆದು ಕೂಗುವುದು ಕೇಳಿ ಮನೆಯವರಿಗೆ ಎಚ್ಚರವಾಗುತ್ತಿತ್ತು. ನಗಲು ಅಂತ ಶುರು ಮಾಡಿದ್ದು, ಆಮೇಲೆ ಅದರೊಳಗಿನ ಗಂಟು ಕಾಣತೊಡಗಿತು.

ಮೇ ಅವರು ಒಕ್ಕೂಟದ ಜೊತೆ ಮಾಡಿಕೊಂಡು ಬಂದ ಒಪ್ಪಂದವನ್ನು ಜನವರಿ 15ರಂದು ಸಭೆ 432-202ರಲ್ಲಿ ತಿರಸ್ಕರಿಸಿತು. ಯಾವ ಸರ್ಕಾರವೂ ಅಷ್ಟು ದೊಡ್ಡ ಅಂತರದಲ್ಲಿ ಸೋತಿರಲಿಲ್ಲ. ಆ 432ರಲ್ಲಿ ಯಾರಿದ್ದರು ಅನ್ನುವುದು ಮುಖ್ಯ. ‘ಇದು ಪೂರ್ತಿ ಬಿಟ್ಟ ಹಾಗಲ್ಲ’ ಅನ್ನುವ ಕಡು ಬ್ರೆಕ್ಸಿಟ್‌ವಾದಿಗಳೂ, ‘ಬಿಡಲೇಬಾರದು’ ಅನ್ನುವವರೂ ಒಂದೇ ಬಾಗಿಲಿನಿಂದ ನಡೆದು ಹೋಗಿ ಓಟು ಹಾಕಿದರು. ಮಾರ್ಚ್‌ನಲ್ಲಿ ಇನ್ನೆರಡು ಸಲ ತಂದರು, ಎರಡು ಸಲವೂ ಸೋಲು. ನಡುವೆ ಸ್ಪೀಕರ್ 1604ರ ಒಂದು ಸಂಪ್ರದಾಯ ತೆಗೆದು, ಒಂದೇ ಪ್ರಸ್ತಾಪವನ್ನು ಮತ್ತೆ ಮತ್ತೆ ತರುವ ಹಾಗಿಲ್ಲ ಅಂದರು.

ಹಾಗಾದರೆ ಸಭೆಗೆ ಬೇಕಾದದ್ದೇನು? ಮಾರ್ಚ್ 27ರಂದು ಎಂಟು ದಾರಿಗಳನ್ನು ಮುಂದಿಟ್ಟು ಕೇಳಿದರು. ನಾರ್ವೆಯ ಹಾಗೆ ಒಕ್ಕೂಟದ ಹೊರಗಿದ್ದೂ ಸಿಂಗಲ್ ಮಾರ್ಕೆಟ್‌ನಲ್ಲಿ ಇರುವುದು, ಕಸ್ಟಮ್ಸ್ ಯೂನಿಯನ್‌ನಲ್ಲಿ ಮಾತ್ರ ಇರುವುದು, ಒಪ್ಪಂದವೇ ಇಲ್ಲದೆ ಹೊರಡುವುದು, ಜನರನ್ನೇ ಮತ್ತೆ ಕೇಳುವುದು, ಹೀಗೆ. ಎಂಟಕ್ಕೂ ‘ಇಲ್ಲ’. ಏಪ್ರಿಲ್ 1ಕ್ಕೆ ನಾಲ್ಕನ್ನು ಉಳಿಸಿಕೊಂಡು ಮತ್ತೆ ಕೇಳಿದರು. ಮತ್ತೆ ನಾಲ್ಕಕ್ಕೂ ‘ಇಲ್ಲ’. ಕಸ್ಟಮ್ಸ್ ಯೂನಿಯನ್ ಬರೀ ಮೂರು ಓಟಿನಿಂದ ಸೋತಿತು, 276-273.

ಹೊರಗಿನವರಿಗೆ ಇದು ಹುಚ್ಚಾಟದಂತೆ ಕಂಡಿತು. ಆದರೆ ಮತಚೀಟಿಯ ಪ್ರಶ್ನೆ ನೆನಪಿಟ್ಟುಕೊಂಡು ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. ಬಿಡೋಣ ಅಂದ ಶೇ 52ರೊಳಗೆ, ತೆರಿಗೆ, ನಿಯಮ ಕಮ್ಮಿ ಮಾಡಿ ಲಂಡನ್ನನ್ನು ಸಿಂಗಪುರ ಮಾಡುವ ಕನಸಿನ ಉದ್ಯಮಿಯೂ ಇದ್ದ, ಆಮದು ತಡೆದು ಕಾರ್ಖಾನೆ ಉಳಿಸಿ ಅನ್ನುವ ಕಾರ್ಮಿಕನೂ ಇದ್ದ. ವಲಸೆ ನಿಲ್ಲಲಿ ಅಂದವರಿದ್ದರು, ಕಾನೂನು ನಮ್ಮಲ್ಲೇ ಆಗಲಿ ಅಂತ ಮಾತ್ರ ಬಯಸಿದವರೂ ಇದ್ದರು. ಒಂದು ದಾರಿ ಹಿಡಿದರೆ ಇವರಲ್ಲೇ ಅರ್ಧ ಜನಕ್ಕೆ ಮೋಸ. ಒಟ್ಟಿನಲ್ಲಿ ‘ಬಿಡೋಣ’ ಅನ್ನುವುದಕ್ಕೆ ಬಹುಮತವಿತ್ತು, ‘ಹೀಗೆ ಬಿಡೋಣ’ ಅನ್ನುವ ಯಾವುದಕ್ಕೂ ಇರಲಿಲ್ಲ. ನೋಟಿಸನ್ನೇ ರದ್ದು ಮಾಡಿ ಅಂತ ಅರವತ್ತು ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದ್ದೂ ಇದೇ ದಿನಗಳಲ್ಲಿ.

ಬದು ಎಲ್ಲಿ?

ಇಷ್ಟರ ನಡುವೆ ನಿಜವಾದ ಬದುವಿನ ಜಗಳ ಒಂದಿತ್ತು. ಪ್ರಚಾರದಲ್ಲಿ ಅದರ ಮಾತು ಬಹಳ ಕಮ್ಮಿ. ಐರ್ಲೆಂಡ್ ದ್ವೀಪದಲ್ಲಿ ಎರಡು ದೇಶ. ಉತ್ತರದ ತುಂಡು ಬ್ರಿಟನ್‌ಗೆ ಸೇರಿದ್ದು, ಉಳಿದದ್ದು ಒಕ್ಕೂಟದ ಸದಸ್ಯ. ನಡುವೆ ಸುಮಾರು 500 ಕಿಲೋಮೀಟರ್ ಗಡಿ. ಮೂವತ್ತು ವರ್ಷದ ರಕ್ತಪಾತದ ಮೇಲೆ 1998ರಲ್ಲಿ ಗುಡ್ ಫ್ರೈಡೇ ಒಪ್ಪಂದ ಆಗಿತ್ತು. ಆಮೇಲೆ ಆ ಗಡಿ ಕಣ್ಣಿಗೇ ಕಾಣದ ಹಾಗಾಗಿತ್ತು. ಈಗ ಬ್ರಿಟನ್ ಕಸ್ಟಮ್ಸ್ ಯೂನಿಯನ್ ಬಿಟ್ಟರೆ ಎಲ್ಲೋ ಒಂದು ಕಡೆ ಮಾಲು ತಪಾಸಣೆ ಆಗಲೇಬೇಕು. ನೆಲದ ಮೇಲೆ ಮಾಡಿದರೆ ಶಾಂತಿಗೆ ಕುತ್ತು. ಸಮುದ್ರದಲ್ಲಿ ಮಾಡಿದರೆ ಒಂದೇ ದೇಶದ ಎರಡು ಭಾಗಗಳ ನಡುವೆ ಚೆಕ್‌ಪೋಸ್ಟ್.

ಮೇ ಕುರ್ಚಿ ಬಿಟ್ಟ ಮೇಲೆ 2019ರ ಜುಲೈನಲ್ಲಿ ಪ್ರಧಾನಿಯಾಗಿ ಬಂದ ಬೋರಿಸ್ ಜಾನ್ಸನ್ ಎರಡನೆಯದನ್ನು ಆರಿಸಿಕೊಂಡರು. ಅದಕ್ಕೂ ಮೊದಲು ಅವರು ಕಲಾಪ ನಿಲ್ಲಿಸಿ ಪಾರ್ಲಿಮೆಂಟಿಗೇ ಬೀಗ ಹಾಕಲು ಹೋಗಿದ್ದರು, ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಾಧೀಶರೂ ಒಮ್ಮತದಿಂದ ಅದು ಕಾನೂನುಬಾಹಿರ ಅಂದಿದ್ದರು. ಡಿಸೆಂಬರ್ ಚುನಾವಣೆಯಲ್ಲಿ ‘ಬ್ರೆಕ್ಸಿಟ್ ಮುಗಿಸೋಣ’ ಅಂತ ಹೇಳಿ 365 ಸೀಟು ಗೆದ್ದರು. ಜಗಳ ಕೇಳಿ ಕೇಳಿ ಸುಸ್ತಾದ ಜನಕ್ಕೆ ಆ ‘ಮುಗಿಸೋಣ’ ಸಾಕಾಗಿತ್ತು. 2020ರ ಜನವರಿ 31ರ ರಾತ್ರಿ ಬ್ರಿಟನ್ ಹೊರಬಂತು. ವರ್ಷದ ಕೊನೆಗೆ ಸಿಂಗಲ್ ಮಾರ್ಕೆಟ್, ಕಸ್ಟಮ್ಸ್ ಯೂನಿಯನ್ ಎರಡನ್ನೂ ಬಿಟ್ಟಿತು. 2021ರಲ್ಲಿ ಇಂಗ್ಲೆಂಡಿನ ಸಾಸೇಜನ್ನು ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ಮಾರಬಹುದಾ ಅಂತ ಬ್ರಿಟನ್ನೂ ಒಕ್ಕೂಟವೂ ಕಾದಾಡಿದವು. ಬ್ರಿಟನ್ ಜೊತೆಗೇ ಇರಬೇಕು ಅನ್ನುವ ಅಲ್ಲಿನ ಡಿಯುಪಿ ಪಕ್ಷ ಈ ಸಮುದ್ರದ ಬದುವನ್ನು ಒಪ್ಪದೆ ಉತ್ತರ ಐರ್ಲೆಂಡಿನ ಸರ್ಕಾರವನ್ನೇ ಎರಡು ವರ್ಷ ನಡೆಯಲು ಬಿಡಲಿಲ್ಲ.

ವಲಸೆಯ ಕಥೆ ಏನಾಯಿತು? ಓಟಿಗೆ ಮುಂಚೆ ಮಂತ್ರಿ ಪ್ರೀತಿ ಪಟೇಲ್ ಅಲ್ಲಿ ನಮ್ಮ ಕಡೆಯ ಅಡುಗೆ ಮಾಡುವ ‘ಕರಿ’ ಹೋಟೆಲಿನವರಿಗೆ ‘ಯುರೋಪಿನವರು ಬರುವುದು ನಿಂತರೆ ನಮ್ಮ ಕಡೆಯ ಅಡುಗೆಯವರನ್ನು ಕರೆಸಲು ಸಲೀಸಾಗುತ್ತೆ’ ಅಂತ ಆಸೆ ತೋರಿಸಿದ್ದರು. ಯುರೋಪಿನವರು ನಿಜವಾಗಿಯೂ ಕಮ್ಮಿಯಾದರು. ಬದಲಿಗೆ ಭಾರತ, ನೈಜೀರಿಯಾ ಕಡೆಯಿಂದ ವಿದ್ಯಾರ್ಥಿಗಳು, ನರ್ಸ್‌ಗಳು, ವೃದ್ಧರನ್ನು ನೋಡಿಕೊಳ್ಳುವವರು ಬಂದರು. 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ಬಂದವರಿಂದ ಹೋದವರನ್ನು ಕಳೆದರೂ 9 ಲಕ್ಷ ಉಳಿಯಿತು. ಓಟು ನಡೆದ ಕಾಲದಲ್ಲಿ ಅದು ಮೂರೂಕಾಲು ಲಕ್ಷದ ಆಸುಪಾಸಿನಲ್ಲಿತ್ತು. ನಮ್ಮ ಊರುಗಳಿಂದ ಎಂಎಸ್‌ಗೆ ಅಂತ ಹೋದ ಎಷ್ಟೋ ಮಕ್ಕಳು ಈ ಲೆಕ್ಕದೊಳಗೇ ಇದ್ದಾರೆ. ಬಾಸ್ಟನ್‌ನವರು ಕೇಳಿದ್ದು ಇದನ್ನಂತೂ ಅಲ್ಲ. ಆಮೇಲೆ ವೀಸಾ ನಿಯಮ ಬಿಗಿ ಮಾಡಿ ಸಂಖ್ಯೆ ಇಳಿಸಿದರು. ಇನ್ನೊಂದು ಕಡೆ, ಒಕ್ಕೂಟದೊಳಗಿದ್ದರೆ ಆಗದಿದ್ದ ಕೆಲಸವೊಂದೂ ಆಯಿತು. 2025ರ ಜುಲೈನಲ್ಲಿ ಭಾರತ ಮತ್ತು ಬ್ರಿಟನ್ ಮುಕ್ತ ವ್ಯಾಪಾರ ಒಪ್ಪಂದಕ್ಕೆ ಸಹಿ ಹಾಕಿದವು. ಆದರೆ ಒಕ್ಕೂಟದಲ್ಲೇ ಇದ್ದಿದ್ದರೆ ಇರುತ್ತಿದ್ದುದಕ್ಕಿಂತ ದೇಶದ ಉತ್ಪಾದಕತೆ ಕಾಲಕ್ರಮದಲ್ಲಿ ಶೇ 4 ಕಮ್ಮಿಯಾಗುತ್ತದೆ ಅಂತ ಬ್ರಿಟನ್ ಸರ್ಕಾರದ್ದೇ ಸ್ವತಂತ್ರ ಬಜೆಟ್ ಸಂಸ್ಥೆ ಹೇಳುತ್ತಿದೆ. ಅದನ್ನು ಒಂದು ವ್ಯಾಪಾರ ಒಪ್ಪಂದ ತುಂಬಿಕೊಡುವುದು ಕಷ್ಟ.

ಈಗ ಸಮೀಕ್ಷೆ ಮಾಡಿದರೆ, ಬಿಟ್ಟದ್ದು ತಪ್ಪಾಯಿತು ಅನ್ನುವವರು ಅರ್ಧಕ್ಕಿಂತ ಜಾಸ್ತಿ ಇದ್ದಾರೆ. 2016ರಲ್ಲಿ ಬಿಡೋಣ ಅಂದಿದ್ದ ಹಲವು ಹಿರಿಯರು ತೀರಿಕೊಂಡಿದ್ದಾರೆ, ಆಗ ವಯಸ್ಸು ಸಾಲದಿದ್ದ ಹುಡುಗರು ಪಟ್ಟಿಗೆ ಸೇರಿದ್ದಾರೆ. ಹಾಗಾದರೆ ಮತ್ತೆ ಸೇರೋಣವೇ ಅಂತ ಕೇಳಿದರೆ ಹೂಂ ಅನ್ನುವವರೇ ಹೆಚ್ಚು. ಆದರೆ ಹೊಸದಾಗಿ ಸೇರುವವರು ಯೂರೋ ನಾಣ್ಯ ಒಪ್ಪುವ ಮಾತು ಕೊಡಬೇಕು. ಥ್ಯಾಚರ್ ಗಿಟ್ಟಿಸಿದ್ದ ರಿಯಾಯಿತಿ ಮತ್ತೆ ಸಿಗುತ್ತೆ ಅನ್ನುವ ಭರವಸೆ ಇಲ್ಲ. ಪೋಲೆಂಡಿನವರು, ರೊಮೇನಿಯಾದವರು ವೀಸಾ ಇಲ್ಲದೆ ಬರುತ್ತಾರೆ. ಪೌಂಡ್ ಬಿಡಬೇಕಾಗುತ್ತೆ ಅಂದ ಕೂಡಲೇ ಆ ಹೂಂ ಅಂದವರಲ್ಲಿ ಎಷ್ಟೋ ಜನ ತಲೆ ಕೆರೆದುಕೊಳ್ಳುತ್ತಾರೆ.